ಚಿಕ್ಕಪ್ಪನ ಕಂಪ್ಯೂಟರ್ ಯಾಕೆ ಒಂಬತ್ತು ನಿಮಿಷ ತಗೊಳ್ತಿತ್ತು?

ಕಳೆದ ಸಂಚಿಕೆ ಕೇಳಿದೋರಿಗೆ ನೆನಪಿರುತ್ತೆ, ಈ ವಾರ ಕ್ರೆಡಿಟ್ ಕಾರ್ಡ್ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಕಾರಣ ನಮ್ಮ ಚಿಕ್ಕಪ್ಪ. ಅಥವಾ ಚಿಕ್ಕಪ್ಪನ ಕಂಪ್ಯೂಟರ್ ಅನ್ನಿ.

ಚಿಕ್ಕಪ್ಪ ತಿಪಟೂರಲ್ಲಿದ್ದಾರೆ. ಎಪಿಎಂಸಿ ಯಾರ್ಡ್ ಹತ್ರ ಒಂದು ಚಿಕ್ಕ ರೂಮು, ಅಲ್ಲಿ ಕೂತು ಕೊಬ್ಬರಿ ವ್ಯಾಪಾರಿಗಳಿಗೆ ಲೆಕ್ಕ ಬರೀತಾರೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನು, ಬ್ಯಾಂಕಿಗೆ ಸ್ಟೇಟ್‌ಮೆಂಟು, ಇವೆಲ್ಲ. ನಾನು ಬಿ.ಕಾಂ. ಮುಗಿಸಿದ ಹೊಸದರಲ್ಲಿ ಮೊದಲು ಕೆಲಸ ಕಲಿತಿದ್ದೇ ಆ ರೂಮಲ್ಲಿ. ಆ ಕಂಪ್ಯೂಟರ್ 2017ರಲ್ಲಿ ತಗೊಂಡಿದ್ದು. ಇಂಟೆಲ್ ಐ3, ಆರನೇ ಜನರೇಷನ್ನು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆ ಕಾಲಕ್ಕೆ ಚೆನ್ನಾಗೇ ಇತ್ತು.

ಹದಿನಾರನೇ ತಾರೀಖು ಸಂಜೆ ಫೋನ್ ಬಂತು. "ಪುಟ್ಟಿ, ಇದು ಸತ್ತೇ ಹೋಯ್ತು ಅನ್ಸುತ್ತೆ ಕಣೆ. ಬೆಳಿಗ್ಗೆ ಆನ್ ಮಾಡಿ ಹೋಗಿ ಕಾಫಿ ಕುಡ್ದು ಬಂದ್ರೂ ಇನ್ನೂ ತಿರುಗ್ತಾ ಇರುತ್ತೆ. ಅಂಗಡಿಯೋನು ಹೊಸಾದು ನಲವತ್ತೆಂಟು ಸಾವಿರ ಅಂದ. ಚೀಟಿ ಎತ್ತಿಬಿಡ್ತೀನಿ." ಆ ಚೀಟಿ ನನ್ನ ತಂಗಿ, ಅಂದ್ರೆ ಚಿಕ್ಕಪ್ಪನ ಮಗಳ ಇಂಜಿನಿಯರಿಂಗ್ ಫೀಸಿಗೆ ಅಂತ ಕಟ್ಟಿದ್ದು. ಈಗಲೇ ಕೂಗಿ ಎತ್ತಿದ್ರೆ ಎಷ್ಟು ಬಿಟ್ಟುಕೊಡಬೇಕಾಗುತ್ತೆ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಕಾಮರ್ಸ್ ಓದಿದ್ದಕ್ಕೆ ಇದೊಂದು ಕಾಯಿಲೆ. ನಾಲ್ಕು ದಿನ ಬಿಟ್ಟು ಇಪ್ಪತ್ತನೇ ತಾರೀಖು, ಜಿಎಸ್‌ಟಿಆರ್-3ಬಿ ಕೊನೇ ದಿನ. "ಏನೂ ತಗೋಬೇಡಿ ಚಿಕ್ಕಪ್ಪ, ನಾನು ಶನಿವಾರ ಬರ್ತೀನಿ" ಅಂದೆ.

ಹೋದ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಫೋನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಪವರ್ ಬಟನ್ ಒತ್ತಿದ್ದು. ಬಟನ್ ಒತ್ತಿದ ಕ್ಷಣದಿಂದ ಟ್ಯಾಲಿ ತೆರೆದು ಎಂಟ್ರಿ ಹಾಕೋ ಸ್ಥಿತಿಗೆ ಬರೋಕೆ ಒಂಬತ್ತು ನಿಮಿಷ ಹತ್ತು ಸೆಕೆಂಡು. ನೀವೂ ನಿಮ್ಮ ಕಂಪ್ಯೂಟರಿಗೆ ಕೈ ಹಾಕೋ ಮೊದಲು ಹೀಗೊಂದು ಸಮಯ ಬರೆದಿಟ್ಟುಕೊಳ್ಳಿ. ಇಲ್ಲಾಂದ್ರೆ ಆಮೇಲೆ "ಸ್ವಲ್ಪ ಫಾಸ್ಟ್ ಆದಂಗಿದೆ" ಅಂತ ನಮ್ಮನ್ನ ನಾವೇ ನಂಬಿಸ್ಕೊಳ್ತೀವಿ.

ಎರಡನೇದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ. ಟಾಸ್ಕ್ ಮ್ಯಾನೇಜರ್ ನೇರವಾಗಿ ತೆರೆಯುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅಂತ ಒಂದು ಟ್ಯಾಬ್ ಇದೆ. ಕಂಪ್ಯೂಟರ್ ಸ್ಲೋ ಅನ್ನೋ ಪ್ರತಿಯೊಬ್ಬರೂ ದುಡ್ಡು ಖರ್ಚು ಮಾಡೋಕೆ ಮುಂಚೆ ಈ ಒಂದು ಪುಟ ನೋಡಬೇಕು. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಗ್ರಾಫ್ ಇರುತ್ತೆ. ಯಾವುದು ಮೇಲೆ ಅಂಟಿಕೊಂಡು ಕೂತಿದೆಯೋ ಅದೇ ಕಳ್ಳ. ಚಿಕ್ಕಪ್ಪನದರಲ್ಲಿ ಸಿಪಿಯು ಹನ್ನೆರಡು ಪರ್ಸೆಂಟು. ಅಂದ್ರೆ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ನೆ ಕೂತಿದೆ! ಮೆಮೊರಿ 89. ಡಿಸ್ಕು ಮಾತ್ರ 100ಕ್ಕೆ ಹೋಗಿ ಅಲ್ಲೇ ನಿಂತಿದೆ.

ಅದೇ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದ್ರೆ ಕೆಳಗೆ 'ಅಪ್ ಟೈಮ್' ಅಂತ ಕಾಣುತ್ತೆ, ಎಷ್ಟು ಹೊತ್ತಿಂದ ಓಡ್ತಿದೆ ಅಂತ. ಅಲ್ಲಿ 23 ದಿನ ಅಂತಿತ್ತು. "ಚಿಕ್ಕಪ್ಪ, ಇದನ್ನ ಆಫೇ ಮಾಡಲ್ವಾ?" ಅಂದೆ. "ದಿನಾ ಮಾಡ್ತೀನಲ್ಲ, ಸ್ವಿಚ್ಚೂ ತೆಗೀತೀನಿ" ಅಂದ್ರು. ಇಬ್ಬರೂ ಸರಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದಾಗ ಶಟ್ ಡೌನ್ ಕೊಟ್ರೆ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚಲ್ಲ. ಅದರ ಸ್ಥಿತಿಯನ್ನ ಡಿಸ್ಕಲ್ಲಿ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ಕೊಂಡು ಬರುತ್ತೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ನಿಜವಾಗಿ ಹೊಸದಾಗಿ ಶುರುವಾಗುತ್ತೆ. ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ಹಾಗೇ ಇರೋದು. ಹಾಗಾಗಿ ವಾರಕ್ಕೊಂದ್ಸಲ ರೀಸ್ಟಾರ್ಟ್ ಕೊಡಿ. ಪ್ರಿಂಟರ್ ಕಾಣ್ತಿಲ್ಲ, ಸೌಂಡ್ ಬರ್ತಿಲ್ಲ ಅನ್ನೋ ಎಷ್ಟೋ ಸಣ್ಣ ರೋಗ ಅದರಲ್ಲೇ ಹೋಗುತ್ತೆ.

ಸರಿ, ಡಿಸ್ಕ್ ಯಾಕೆ 100? ಹಳೇ ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ತಿರುಗೋ ತಟ್ಟೆ ಇರುತ್ತೆ, ನಿಮಿಷಕ್ಕೆ 7200 ಸುತ್ತು. ಅದರ ಮೇಲೆ ಓದೋ ಒಂದು ಸಣ್ಣ ಕೈ ಓಡಾಡ್ತಾ ಇರುತ್ತೆ. ತಿಪಟೂರಿನ ಗೋಡೌನ್ ಕಲ್ಪಿಸಿಕೊಳ್ಳಿ, ಒಬ್ಬನೇ ಹಮಾಲಿ. ಒಂದು ಮೂಲೆಯ ಚೀಲ ಎಲ್ಲಾ ಸಾಲಾಗಿ ಎತ್ತು ಅಂದ್ರೆ ಬೇಗ ಎತ್ತುತ್ತಾನೆ. ಆದ್ರೆ ಈ ಮೂಲೆಯಿಂದ ಒಂದು, ಆ ಮೂಲೆಯಿಂದ ಒಂದು, ಅಟ್ಟದಿಂದ ಒಂದು ಅಂತ ನೂರು ಜನ ಒಟ್ಟಿಗೆ ಕೂಗಿದ್ರೆ ಅವನ ಸಮಯ ಎಲ್ಲಾ ಓಡಾಟದಲ್ಲೇ ಹೋಗುತ್ತೆ. ವಿಂಡೋಸ್ ಆನ್ ಆಗುವಾಗ ಆಗೋದು ಇದೇ. ಸಾವಿರಾರು ಚಿಕ್ಕ ಚಿಕ್ಕ ಫೈಲು, ಎಲ್ಲೆಲ್ಲೋ ಚದುರಿರೋವು. ಅದರ ಜೊತೆಗೆ 4 ಜಿಬಿ ರ‍್ಯಾಮ್ ತುಂಬಿದ ತಕ್ಷಣ ವಿಂಡೋಸ್ ಜಾಗ ಸಾಲದೆ ಡಿಸ್ಕನ್ನೇ ರ‍್ಯಾಮ್ ಥರ ಬಳಸೋಕೆ ಶುರು ಮಾಡುತ್ತೆ. ಹಮಾಲಿಗೆ ಇನ್ನಷ್ಟು ಕೆಲಸ.

ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಬರೀ ಚಿಪ್ಪು. ಎಲ್ಲಿಂದ ಕೇಳಿದ್ರೂ ಹೆಚ್ಚುಕಡಿಮೆ ಒಂದೇ ಸಮಯ. ಹಾಗಾಗಿ ಹಳೇ ಡೆಸ್ಕ್‌ಟಾಪಿಗೆ ಒಂದೇ ಒಂದು ಖರ್ಚು ಮಾಡೋ ಶಕ್ತಿ ಇದ್ರೆ ಅದು ಎಸ್‌ಎಸ್‌ಡಿಗೇ ಹೋಗಬೇಕು. ಹೊಸ ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್ ಅಲ್ಲ, ಎರಡನೇ ಆಂಟಿವೈರಸ್ ಅಂತೂ ಅಲ್ವೇ ಅಲ್ಲ.

ಇಷ್ಟಾಗಿದ್ರೆ ಈ ಸಂಚಿಕೆ ಹತ್ತು ನಿಮಿಷಕ್ಕೆ ಮುಗೀತಿತ್ತು. ಆದ್ರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡಿರೋ ಲೆಕ್ಕವನ್ನ ಅದು ತೋರಿಸುತ್ತೆ. ಸುಮ್ನೆ ಅದನ್ನ ಹಾಕಿ ನೋಡಿದೆ. ನೀಲಿ ಬರಬೇಕಿತ್ತು, ಹಳದಿ ಬಂತು. 'ಕಾಷನ್'. ಓದೋಕಾಗದ ಜಾಗಗಳು ಹೆಚ್ಚಾಗ್ತಿವೆ ಅಂತ ಅರ್ಥ. ಡಿಸ್ಕು ಸಾಯ್ತಾ ಇತ್ತು. ಸ್ಲೋ ಆಗಿದ್ದಕ್ಕೆ ಅರ್ಧ ಕಾರಣ ಅದೇ. ಒಂದು ಜಾಗ ಓದೋಕಾಗದೆ ಅದು ಮತ್ತೆ ಮತ್ತೆ ಪ್ರಯತ್ನ ಮಾಡ್ತಿತ್ತು.

ನಾನು ಧೈರ್ಯವಾಗೇ ಇದ್ದೆ. "ಬ್ಯಾಕಪ್ ಪೆನ್‌ಡ್ರೈವ್ ಕೊಡಿ ಚಿಕ್ಕಪ್ಪ" ಅಂದೆ. ಅವರು ದೇವರ ಫೋಟೋ ಹಿಂದೆ ಇಟ್ಟಿದ್ದ ಪೆನ್‌ಡ್ರೈವ್ ತೆಗೆದುಕೊಟ್ರು. ದಿನಾ ಸಂಜೆ ತಪ್ಪದೆ ಚುಚ್ಚಿ ಡೆಸ್ಕ್‌ಟಾಪ್ ಮೇಲಿರೋ 'ಬ್ಯಾಕಪ್' ಅನ್ನೋ ಐಕಾನ್ ಒತ್ತುತ್ತಾರೆ. ತೆಗೆದು ನೋಡಿದ್ರೆ ಕೊನೇ ಫೈಲಿನ ತಾರೀಖು ಏಳು ತಿಂಗಳ ಹಿಂದಿನದು.

ಆ ಐಕಾನ್ ಮಾಡಿಕೊಟ್ಟೋಳು ನಾನೇ. ಕಾಲೇಜು ಮುಗಿಸಿದ ವರ್ಷ ದೊಡ್ಡ ಜಾಣೆ ಥರ ಒಂದು ಬ್ಯಾಚ್ ಫೈಲ್ ಬರೆದಿದ್ದೆ. ಟ್ಯಾಲಿ ಡೇಟಾ ಫೋಲ್ಡರನ್ನ ಇ ಡ್ರೈವಿಗೆ ಕಾಪಿ ಮಾಡು ಅಂತ. ಏಳು ತಿಂಗಳ ಹಿಂದೆ ಯಾರೋ ಒಂದು ಕಾರ್ಡ್ ರೀಡರ್ ಚುಚ್ಚಿ ಹಾಗೇ ಬಿಟ್ಟಿದ್ದಾರೆ. ಇ ಅನ್ನೋ ಅಕ್ಷರ ಅದಕ್ಕೆ ಹೋಯ್ತು, ಪೆನ್‌ಡ್ರೈವ್ ಎಫ್ ಆಯ್ತು. ಐಕಾನ್ ಒತ್ತಿದ್ರೆ ಕಪ್ಪು ಕಿಟಕಿ ಒಂದು ಸಲ ಮಿಂಚಿ ಮಾಯ. ಮೊದಲೂ ಹಾಗೇ ಆಗ್ತಿತ್ತು, ಆಮೇಲೂ ಹಾಗೇ ಆಯ್ತು. ಚಿಕ್ಕಪ್ಪನಿಗೆ ವ್ಯತ್ಯಾಸ ಗೊತ್ತಾಗೋಕೆ ದಾರಿಯೇ ಇರಲಿಲ್ಲ. ಏಳು ತಿಂಗಳು ಆ ಮನುಷ್ಯ ದಿನಾ ಸಂಜೆ ಶ್ರದ್ಧೆಯಿಂದ ಏನನ್ನೂ ಕಾಪಿ ಮಾಡದೆ ಮನೆಗೆ ಹೋಗಿದ್ದಾರೆ.

ಅವರು ಬೈಯಲಿಲ್ಲ. "ಈಗ ಏನು ಮಾಡೋದು ಹೇಳು" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಸಾಯ್ತಿರೋ ಡಿಸ್ಕಿನ ಜೊತೆ ಏನು ಮಾಡಬೇಕು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಮೊದಲು, ಏನೂ 'ರಿಪೇರಿ' ಮಾಡೋಕೆ ಹೋಗಬೇಡಿ. ಡಿಫ್ರಾಗ್ ಬೇಡ, ಸ್ಕ್ಯಾನ್ ಬೇಡ, ವಿಂಡೋಸ್ ಅಪ್‌ಡೇಟ್ ಬೇಡ. ಅದರಲ್ಲಿ ಎಷ್ಟು ಉಸಿರಿದೆಯೋ ಅಷ್ಟೂ ಡೇಟಾ ಈಚೆ ತರೋಕೆ ಬೇಕು. ಪೂರ್ತಿ ಡಿಸ್ಕನ್ನ ಒಂದೇ ಏಟಿಗೆ ಕಾಪಿ ಕೊಡಬೇಡಿ. ಒಂದು ಕೆಟ್ಟ ಜಾಗಕ್ಕೆ ಬಂದು ನಿಂತ್ರೆ ಮುಖ್ಯವಾದದ್ದು ಹಿಂದೇ ಉಳಿದುಬಿಡುತ್ತೆ. ಯಾವುದು ಕಳೆದುಹೋದ್ರೆ ಮತ್ತೆ ಹುಟ್ಟಿಸೋಕಾಗಲ್ವೋ ಅದು ಮೊದಲು. ಈ ವರ್ಷದ ಟ್ಯಾಲಿ ಡೇಟಾ, ಆಮೇಲೆ ಹೋದ ವರ್ಷದ್ದು, ಹಾಗೆ ಹಿಂದಕ್ಕೆ. ಟ್ಯಾಲಿ ಮುಚ್ಚಿರಬೇಕು, ತೆರೆದಿರುವಾಗ ಕಾಪಿ ಮಾಡಿದ್ರೆ ಅರೆಬರೆ ಫೈಲ್ ಬರಬಹುದು. ಸಿನಿಮಾ, ಮದುವೆ ವಿಡಿಯೋ ಎಲ್ಲಾ ಕೊನೆಗೆ.

ಒಟ್ಟು ಹನ್ನೊಂದು ಜಿಬಿ ಇತ್ತು, ನಾಲ್ಕೂವರೆ ಗಂಟೆ ಹಿಡೀತು. ಈ ವರ್ಷದ್ದು ಪೂರ್ತಿ ಬಂತು. 2019-20ರ ಒಬ್ಬ ವ್ಯಾಪಾರಿಯ ಫೋಲ್ಡರ್ ಮಾತ್ರ ಬರಲೇ ಇಲ್ಲ. ಮೂರು ಸಲ ಪ್ರಯತ್ನ ಮಾಡಿದೆ, ಅದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ತು. ಹಳೇದಲ್ವಾ ಬಿಡು ಅನ್ನೋ ಹಾಗಿಲ್ಲ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಆ ವರ್ಷದ ಆಡಿಟ್ ಮಾಡಿದೋರ ಹತ್ರ ಒಂದು ಕಾಪಿ ಸಿಕ್ಕಿದ್ದು ನಮ್ಮ ಅದೃಷ್ಟ. ಚಿಕ್ಕಪ್ಪನೇ ಫೋನ್ ಮಾಡಿ ಕೇಳಿದ್ರು. ಆ ಫೋನ್ ಮಾಡುವಾಗ ಅವರ ಮುಖ ನೋಡೋಕೆ ನನಗೆ ಆಗಲಿಲ್ಲ.

ಭಾನುವಾರ ಬೆಳಿಗ್ಗೆ 256 ಜಿಬಿ ಎಸ್‌ಎಸ್‌ಡಿ ತಂದೆವು, ಜೊತೆಗೆ ಸರ್ವಿಸ್ ಅಂಗಡಿಯಲ್ಲಿ ಬಳಸಿದ್ದ 4 ಜಿಬಿ ರ‍್ಯಾಮ್ ಒಂದು. ಎರಡೂ ಸೇರಿ ನಾಲ್ಕು ಸಾವಿರ ದಾಟಲಿಲ್ಲ. ನೀವು ತಗೊಳ್ಳೋ ಮುಂಚೆ ಇವತ್ತಿನ ರೇಟು ಕೇಳಿ, ಈಚೆಗೆ ರ‍್ಯಾಮ್, ಎಸ್‌ಎಸ್‌ಡಿ ಎರಡೂ ಏರಿವೆ. ರ‍್ಯಾಮ್ ತರೋಕೆ ಹೋಗೋ ಮುಂಚೆ ಟಾಸ್ಕ್ ಮ್ಯಾನೇಜರಲ್ಲೇ ಮೆಮೊರಿ ಕ್ಲಿಕ್ ಮಾಡಿ ನೋಡಿ. ಎರಡು ಸ್ಲಾಟಲ್ಲಿ ಒಂದು ಖಾಲಿ ಇದೆಯಾ, ಸ್ಪೀಡ್ ಎಷ್ಟು ಅಂತ ಬರೆದಿರುತ್ತೆ. 2133 ಅಥವಾ 2400 ಅಂತಿದ್ರೆ ಸಾಮಾನ್ಯವಾಗಿ ಡಿಡಿಆರ್4. 1600 ಅಂತಿದ್ರೆ ಡಿಡಿಆರ್3. ಒಂದರ ಜಾಗದಲ್ಲಿ ಇನ್ನೊಂದು ಕೂರೋದೇ ಇಲ್ಲ, ಮಧ್ಯದ ಕಚ್ಚು ಬೇರೆ ಕಡೆ ಇರುತ್ತೆ. ಫೋನಲ್ಲಿ ಆ ಪುಟದ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಸಾಕು.

ಡಿಸ್ಕ್ ಚೆನ್ನಾಗಿದ್ದಿದ್ರೆ ಕ್ಲೋನ್ ಮಾಡಬಹುದಿತ್ತು, ಅಂದ್ರೆ ಹಳೇದನ್ನ ಇದ್ದಹಾಗೇ ಹೊಸದಕ್ಕೆ ಇಳಿಸೋದು. ಕ್ಲೋನೆಜಿಲ್ಲಾ ಅಂತ ಉಚಿತವಾದದ್ದಿದೆ. ನಮ್ಮದು ಕೆಟ್ಟಿದ್ದರಿಂದ ವಿಂಡೋಸ್ ಹೊಸದಾಗೇ ಹಾಕಬೇಕಾಯ್ತು. ಮೈಕ್ರೋಸಾಫ್ಟ್ ಸೈಟಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್ ಸಿಗುತ್ತೆ, ಒಂದು 8 ಜಿಬಿ ಪೆನ್‌ಡ್ರೈವ್ ಬೇಕು. ಮೊದಲೇ ಅಸಲಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದ ಮಷೀನಾದ್ರೆ ಕೀ ಕೇಳಿದಾಗ ನನ್ನ ಹತ್ರ ಇಲ್ಲ ಅಂತ ಕೊಡಿ. ಲೈಸನ್ಸು ಮದರ್‌ಬೋರ್ಡಿಗೆ ಗಂಟುಬಿದ್ದಿರುತ್ತೆ, ಇಂಟರ್ನೆಟ್ ಬಂದ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತೆ. 'ಕ್ರ್ಯಾಕ್' ಹಾಕ್ಕೊಡ್ತೀನಿ ಅನ್ನೋರ ಹತ್ರ ಹೋಗಬೇಡಿ. ಊರಿನವರ ಪ್ಯಾನ್ ನಂಬರು, ಬ್ಯಾಂಕ್ ಪಾಸ್‌ವರ್ಡು ಇರೋ ಮಷೀನು ಅದು.

ಹಳೇ ಡಿಸ್ಕ್ ಬಿಚ್ಚೋ ಮುಂಚೆ ಮಾಡಲೇಬೇಕಾದ ಇನ್ನೊಂದು ಕೆಲಸ: ಟ್ಯಾಲಿ ಲೈಸನ್ಸನ್ನ ಹಳೇ ವಿಂಡೋಸಲ್ಲೇ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಡಿಎಸ್‌ಸಿ ಟೋಕನ್ ಡ್ರೈವರು, ಪ್ರಿಂಟರ್ ಡ್ರೈವರು, ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡುಗಳು, ಇವನ್ನ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಪ್ರಿಂಟರ್ ಮರೆತೆ. ಅದಕ್ಕೇ ಒಂದು ಗಂಟೆ ಹೋಯ್ತು.

ಕ್ಯಾಬಿನೆಟ್ ತೆಗೆದಾಗ ಒಳಗೆ ಕೊಬ್ಬರಿ ಧೂಳು ಮೆತ್ತೆ ಥರ ಕೂತಿತ್ತು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಪೇಂಟ್ ಬ್ರಷ್ಷಲ್ಲಿ ಒರೆಸಿದೆವು. ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಹಿಡ್ಕೊಂಡು ಒರೆಸಿ, ಬ್ಲೋವರ್ ಗಾಳಿಗೆ ಗಿರಗಿರ ತಿರುಗೋಕೆ ಬಿಡಬೇಡಿ. ಒಳಗೆ ಒಂದು ನಾಣ್ಯದ ಥರದ ಬ್ಯಾಟರಿ ಇದೆ, ಸಿಆರ್ 2032 ಅಂತ, ವಾಚ್ ಅಂಗಡಿಯಲ್ಲೂ ಸಿಗುತ್ತೆ. ಕಂಪ್ಯೂಟರಿನ ತಾರೀಖು ಪದೇ ಪದೇ ಹಿಂದಕ್ಕೆ ಹೋಗ್ತಿದ್ರೆ, ಜಿಎಸ್‌ಟಿ ಪೋರ್ಟಲ್ ಬ್ಯಾಂಕ್ ಸೈಟು ಎಲ್ಲಾ 'ಸುರಕ್ಷಿತ ಅಲ್ಲ' ಅಂತ ತೆರೆಯದೇ ಇದ್ರೆ, ನೂರಕ್ಕೆ ತೊಂಬತ್ತು ಪಾಲು ಈ ಬ್ಯಾಟರಿ ಸತ್ತಿರುತ್ತೆ. ಜನ ಇದಕ್ಕೆ ಇಂಟರ್ನೆಟ್‌ನೋರಿಗೆ ಬೈತಾರೆ.

ಎಲ್ಲಾ ಮುಗಿಸಿ ಸ್ಟಾಪ್‌ವಾಚ್ ಹಿಡಿದಾಗ ಭಾನುವಾರ ರಾತ್ರಿ ಎಂಟೂವರೆ. ಬಟನ್ನಿಂದ ಟ್ಯಾಲಿವರೆಗೆ 41 ಸೆಕೆಂಡು. ಚಿಕ್ಕಪ್ಪ ಎರಡು ಸಲ ಆಫ್ ಮಾಡಿಸಿ ಆನ್ ಮಾಡಿಸಿದ್ರು. ನಂಬಲಿಲ್ಲ. "ಹಾಗಾದ್ರೆ ನನ್ನ ಕಾಫಿ?" ಅಂದ್ರು.

ಈಗ ವಿಂಡೋಸ್ 10 ವಿಷ್ಯ, ಇದನ್ನ ಕೇಳಿ ಬಂದಿರೋ ಮೆಸೇಜುಗಳೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗೀತು. ಅಂದ್ರೆ ಕಂಪ್ಯೂಟರ್ ನಿಲ್ಲಲ್ಲ, ಸುರಕ್ಷತೆಯ ತೇಪೆ ಬರೋದು ನಿಲ್ಲುತ್ತೆ. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಷನ್ ಅಥವಾ ಆಮೇಲಿನದು ಬೇಕು, ಟಿಪಿಎಂ 2.0 ಬೇಕು. ಚಿಕ್ಕಪ್ಪನದು ಆರನೇದು, ಸೇರಲ್ಲ. ಅಡ್ಡದಾರಿಯಲ್ಲಿ ಹಾಕೋ ವಿಧಾನ ಇದೆ, ಯೂಟ್ಯೂಬ್ ತುಂಬಾ ಇದೆ. ಮನೆಯ ಆಟದ ಮಷೀನಿಗೆ ಮಾಡ್ಕೊಳ್ಳಿ, ಬೇರೆಯವರ ಲೆಕ್ಕ ಇರೋ ಮಷೀನಿಗೆ ನಾನಂತೂ ಮಾಡಲ್ಲ. ಬದಲಿಗೆ ಮೈಕ್ರೋಸಾಫ್ಟ್ ಕೊಟ್ಟಿರೋ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ಸೇರಿಸಿದೆ, 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 'ಎನ್‌ರೋಲ್' ಅಂತ ಬರುತ್ತೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸನ್ನ ಅವರ ಕ್ಲೌಡಿಗೆ ಬ್ಯಾಕಪ್ ಕೊಡೋಕೆ ಒಪ್ಪಿದ್ರೆ ದುಡ್ಡಿಲ್ಲ, ಇಲ್ಲಾಂದ್ರೆ 30 ಡಾಲರ್. ಇದು ಸಮಯ ಕೊಂಡುಕೊಂಡಿದ್ದು ಅಷ್ಟೇ, ನನಗೂ ಗೊತ್ತು. ಆದ್ರೆ ಆ ಹೊತ್ತಿಗೆ ಚೀಟಿ ತಾನಾಗೇ ಮುಗಿದಿರುತ್ತೆ. ಟ್ಯಾಲಿ ಇಲ್ಲದ, ಬರೀ ಬ್ರೌಸರು, ವಿಡಿಯೋ, ಮಕ್ಕಳ ಓದು ಅನ್ನೋ ಮನೆ ಕಂಪ್ಯೂಟರಾದ್ರೆ ಲಿನಕ್ಸ್ ಮಿಂಟ್ ಹಾಕಿ ನೋಡಿ, ಪೆನ್‌ಡ್ರೈವಿಂದಲೇ ಓಡಿಸಿ ಪರೀಕ್ಷೆ ಮಾಡಬಹುದು. ಅದರ ಬಗ್ಗೆ ಬೇಕಾದ್ರೆ ಬೇರೆ ಸಂಚಿಕೆ ಮಾಡೋಣ.

ದುಡ್ಡಿಲ್ಲದೆ ಆಗೋ ಕೆಲಸಗಳು ಈಗ. ಟಾಸ್ಕ್ ಮ್ಯಾನೇಜರಲ್ಲೇ ಸ್ಟಾರ್ಟಪ್ ಅಂತ ಟ್ಯಾಬ್ ಇದೆ. ಆನ್ ಆಗುತ್ತಲೇ ಎದ್ದು ಕೂರೋ ಪ್ರೋಗ್ರಾಮುಗಳ ಪಟ್ಟಿ. ಚಾಟ್ ಆ್ಯಪು, ಮ್ಯೂಸಿಕ್ ಆ್ಯಪು, ಪ್ರಿಂಟರ್ ಕಂಪನಿಯ 'ಸಹಾಯಕ', ಎಲ್ಲಾ ಡಿಸೇಬಲ್ ಮಾಡಿ. ಬೇಕಾದಾಗ ನೀವೇ ತೆರೆದ್ರೆ ತೆರೆಯುತ್ತೆ, ಏನೂ ಹಾಳಾಗಲ್ಲ. ಆಂಟಿವೈರಸ್ ಮತ್ತು ಆಡಿಯೋ ಡ್ರೈವರ್ ಮಾತ್ರ ಮುಟ್ಟಬೇಡಿ. ಆಂಟಿವೈರಸ್ ಒಂದೇ ಇರಲಿ, ವಿಂಡೋಸಿನ ಜೊತೆ ಬರೋದೇ ಸಾಕು. ಎರಡಿದ್ರೆ ಅವು ಒಂದರ ಮೇಲೊಂದು ಕಣ್ಣಿಟ್ಟು ಕೂರ್ತವೆ.

ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ 5 ವೈರಸ್' ಅಂತ ಪದೇ ಪದೇ ಪೆಟ್ಟಿಗೆ ಏಳುತ್ತೆ ಅಲ್ವಾ? ಚಿಕ್ಕಪ್ಪ ಅದಕ್ಕೆ ಹೆದರಿ ಎರಡು 'ಕ್ಲೀನರ್' ಇನ್‌ಸ್ಟಾಲ್ ಮಾಡಿದ್ರು. ಅದು ಹೆಚ್ಚಿನ ಸಲ ವೈರಸ್ಸೇ ಅಲ್ಲ. ಯಾವತ್ತೋ ಒಂದು ಸೈಟಲ್ಲಿ 'ಅಲೌ' ಒತ್ತಿರ್ತೀರಿ, ಅವರು ಜಾಹೀರಾತು ಕಳಿಸ್ತಿದ್ದಾರೆ. ಬ್ರೌಸರ್ ಸೆಟ್ಟಿಂಗ್ಸಲ್ಲಿ ನೋಟಿಫಿಕೇಷನ್ಸ್ ಅಂತ ಹುಡುಕಿ, ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆದುಹಾಕಿ. ರಿಜಿಸ್ಟ್ರಿ ಕ್ಲೀನರು, ಪಿಸಿ ಬೂಸ್ಟರು ಇವೆಲ್ಲ ಒಂದು ರೂಪಾಯಿಯ ಉಪಕಾರ ಮಾಡಲ್ಲ.

ಮಾನಿಟರ್ ವಿಷಯಕ್ಕೆ ಬರ್ತೀನಿ, ಇದು ನನಗೆ ಇಷ್ಟವಾದದ್ದು. ಚಿಕ್ಕಪ್ಪನಿಗೆ ಅಕ್ಷರ ಸಣ್ಣದಾಗಿ ಕಾಣುತ್ತೆ ಅಂತ ಯಾರೋ ರೆಸಲ್ಯೂಷನ್ನನ್ನೇ 1024 x 768ಕ್ಕೆ ಇಳಿಸಿಬಿಟ್ಟಿದ್ರು. ಮಾನಿಟರ್ 1920 x 1080ದು! ಅಕ್ಷರ ದೊಡ್ಡದಾಯ್ತು, ಆದ್ರೆ ಅಗಲಗಲ, ಮಸುಕು. ಕಣ್ಣು ನೋವು ಅಂತ ಕನ್ನಡಕ ಬದಲಾಯಿಸಿದ್ದಾರೆ ಮನುಷ್ಯ. ಡಿಸ್‌ಪ್ಲೇ ಸೆಟ್ಟಿಂಗ್ಸಲ್ಲಿ ರೆಸಲ್ಯೂಷನ್ 'ರೆಕಮೆಂಡೆಡ್' ಅಂತ ಇರೋದಕ್ಕೇ ಇಟ್ಟು, ಮೇಲಿರೋ ಸ್ಕೇಲನ್ನ 125 ಅಥವಾ 150 ಮಾಡಿ. ಅಕ್ಷರವೂ ದೊಡ್ಡದು, ಅಂಚೂ ಚೂಪು. ಹಾಗೆಯೇ ಅನಿಮೇಷನ್ನು, ನೆರಳು ಇಂಥ ಅಲಂಕಾರ ಎಲ್ಲಾ ತೆಗೆದ್ರೆ ಹಳೇ ಮಷೀನು ಸ್ವಲ್ಪ ಹಗುರಾಗುತ್ತೆ, ಆದ್ರೆ ಆ ಪಟ್ಟಿಯಲ್ಲಿ ಅಕ್ಷರದ ಅಂಚು ನಯ ಮಾಡೋ ಆಯ್ಕೆಯೊಂದಿದೆ, ಅದನ್ನ ಉಳಿಸಿಕೊಳ್ಳಿ. ಅದು ಹೋದ್ರೆ ನಮ್ಮ ಕನ್ನಡದ ಒತ್ತಕ್ಷರ ಓದೋಕೇ ಆಗಲ್ಲ.

ಕನ್ನಡ ಅಂದಮೇಲೆ ಇದನ್ನೂ ಹೇಳಬೇಕು. ಚಿಕ್ಕಪ್ಪ ವ್ಯಾಪಾರಿಗಳಿಗೆ ಬಾಕಿ ಪತ್ರ ಎಲ್ಲಾ ಕನ್ನಡದಲ್ಲೇ ಬರೆಯೋದು, ಹಳೇ ನುಡಿ ಫಾಂಟಲ್ಲಿ. ಫೈಲನ್ನ ಬೇರೆಯವರಿಗೆ ಕಳಿಸಿದ್ರೆ ಅಲ್ಲಿ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತೆ. ಕಾರಣ ಸರಳ: ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸ್ತಿದ್ವು. ಫಾಂಟ್ ಇಲ್ಲದ ಮಷೀನಲ್ಲಿ ಒಳಗಿನ ಇಂಗ್ಲಿಷೇ ಈಚೆ ಬರುತ್ತೆ. ಯೂನಿಕೋಡಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಹಾಗಾಗಿ ಫೋನು, ವಾಟ್ಸಾಪು, ಮೇಲು ಎಲ್ಲಿ ತೆರೆದರೂ ಕನ್ನಡವೇ. ಎಕ್ಸೆಲ್‌ನಲ್ಲಿ ಹೆಸರು ಹುಡುಕಿದ್ರೂ ಸಿಗುತ್ತೆ. ನುಡಿ ತಂತ್ರಾಂಶದ ಜೊತೆಗೇ ಹಳೇ ಫೈಲನ್ನ ಯೂನಿಕೋಡಿಗೆ ಬದಲಾಯಿಸೋ ಸಾಧನ ಬರುತ್ತೆ. ಕೆ.ಪಿ. ರಾವ್ ಅವರ ವಿನ್ಯಾಸದ ಆ ಕೀಲಿಮಣೆಗೆ ಬೆರಳು ಒಗ್ಗಿದ್ರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಮತ್ತೆ ಕಲಿಯೋದು ಏನಿಲ್ಲ. ಏನೂ ಇನ್‌ಸ್ಟಾಲ್ ಮಾಡೋದು ಬೇಡ ಅಂದ್ರೆ ವಿಂಡೋಸಲ್ಲೇ 2019ರಿಂದ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ. ಲ್ಯಾಂಗ್ವೇಜ್ ಸೆಟ್ಟಿಂಗ್ಸಲ್ಲಿ ಕನ್ನಡ ಸೇರಿಸಿಕೊಂಡ್ರೆ ಆಯ್ತು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದ್ರೆ ಕನ್ನಡ, ಮತ್ತೆ ಒತ್ತಿದ್ರೆ ಇಂಗ್ಲಿಷ್.

ಶಾರ್ಟ್‌ಕಟ್ ನೂರು ಹೇಳಬಹುದು, ಯಾರೂ ನೆನಪಿಟ್ಟುಕೊಳ್ಳಲ್ಲ. ಚಿಕ್ಕಪ್ಪನಿಗೆ ನಾಲ್ಕೇ ಬರೆದು ಮಾನಿಟರ್ ಕೆಳಗೆ ಅಂಟಿಸಿ ಬಂದೆ. ವಿಂಡೋಸ್ ಕೀ ಮತ್ತು ಎಡ ಬಾಣ: ಟ್ಯಾಲಿ ಅರ್ಧಕ್ಕೆ, ಪೋರ್ಟಲ್ ಇನ್ನರ್ಧಕ್ಕೆ, ಪಕ್ಕಪಕ್ಕ ನೋಡ್ಕೊಂಡು ತಾಳೆ ಹಾಕಬಹುದು. ವಿಂಡೋಸ್ ಮತ್ತು ವಿ: ಕಾಪಿ ಮಾಡಿದ ಹಿಂದಿನ ಸಂಗತಿಗಳೆಲ್ಲ ಪಟ್ಟಿಯಾಗಿ ಬರುತ್ತೆ, ಮೊದಲ ಸಲ ಆನ್ ಮಾಡು ಅಂತ ಕೇಳುತ್ತೆ. ಹತ್ತು ಜಿಎಸ್‌ಟಿ ನಂಬರ್ ಒಂದೇ ಸಲ ಕಾಪಿ ಮಾಡಿ ಆಮೇಲೆ ಒಂದೊಂದಾಗಿ ಅಂಟಿಸಬಹುದು. ವಿಂಡೋಸ್, ಶಿಫ್ಟ್, ಎಸ್: ಬೇಕಾದಷ್ಟೇ ಜಾಗದ ಸ್ಕ್ರೀನ್‌ಶಾಟ್. ಇದಕ್ಕೆ ಮುಂಚೆ ಅವರು ಪರದೆಯ ಫೋಟೋನ ಫೋನಲ್ಲಿ ತೆಗೆದು ಕಳಿಸ್ತಿದ್ರು. ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಸಮ ಚಿಹ್ನೆ, ಮೇಲಿನ ಸಾಲುಗಳ ಮೊತ್ತ. ಕ್ಯಾಲ್ಕುಲೇಟರಲ್ಲಿ ಕೂಡಿ ಎಕ್ಸೆಲ್‌ಗೆ ಟೈಪ್ ಮಾಡೋ ಮನುಷ್ಯನಿಗೆ ಇದನ್ನ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಾದ್ರು.

ಇನ್ನು ಬ್ಯಾಕಪ್. ನನ್ನ ಹಳೇ ಬ್ಯಾಚ್ ಫೈಲ್ ಅಳಿಸಲಿಲ್ಲ, ತಿದ್ದಿದೆ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಪೆನ್‌ಡ್ರೈವಿಗೆ ಜಡ್ ಅನ್ನೋ ಅಕ್ಷರ ಕೊಟ್ಟೆ, ಆ ಮಷೀನು ಅದನ್ನ ನೆನಪಿಟ್ಟುಕೊಳ್ಳುತ್ತೆ. ಬೇರೆ ಯಾವುದೋ ಸಾಧನ ಬಂದು ಜಡ್ ಕಿತ್ಕೊಳ್ಳೋದು ಅಪರೂಪ. ಕೊನೇ ಸಾಲಿಗೆ 'ಪಾಸ್' ಅಂತ ಸೇರಿಸಿದೆ, ಹಾಗಾಗಿ ಕಪ್ಪು ಕಿಟಕಿ ಮಾಯವಾಗಲ್ಲ. ಎಷ್ಟು ಫೈಲ್ ಕಾಪಿ ಆಯ್ತು ಅಂತ ತೋರಿಸಿ, ಇವರು ಒಂದು ಕೀ ಒತ್ತೋವರೆಗೂ ನಿಂತಿರುತ್ತೆ. ಪೆನ್‌ಡ್ರೈವ್ ಎರಡು ಮಾಡಿದೆವು, ವೈ ಒಂದು, ಜಡ್ ಒಂದು, ಐಕಾನೂ ಎರಡು. ಒಂದು ದೇವರ ಫೋಟೋ ಹಿಂದೆ, ಒಂದು ಮನೆಯಲ್ಲಿ, ದಿನ ಬಿಟ್ಟು ದಿನ ಅದಲುಬದಲು. ಕೆಲಸ ಮುಗಿದ ಕೂಡಲೇ ಕೀಳಬೇಕು, ಚುಚ್ಚಿಕೊಂಡೇ ಇದ್ರೆ ವೈರಸ್ ಬಂದ ದಿನ ಬ್ಯಾಕಪ್ಪೂ ಅದರ ಜೊತೆಗೇ ಹೋಗುತ್ತೆ. ವಾರಕ್ಕೊಂದ್ಸಲ ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ, ಗೂಗಲ್ ಡ್ರೈವಿಗೆ. ಅಲ್ಲಿ 15 ಜಿಬಿ ಉಚಿತ, ಅವರಿಗೆ ಧಾರಾಳ. ಪ್ರತಿ ತಿಂಗಳ ಒಂದನೇ ತಾರೀಖು ಆ ಪೆನ್‌ಡ್ರೈವಿನ ಡೇಟಾನ ನನ್ನ ಲ್ಯಾಪ್‌ಟಾಪಲ್ಲಿ ತೆರೆದು ಕೊನೇ ಎಂಟ್ರಿ ಯಾವತ್ತಿನದು ಅಂತ ನೋಡೋದು ನನ್ನ ಪಾಲಿಗೆ ಬಂದ ಕೆಲಸ. ಅವರು ಹೇಳಲಿಲ್ಲ, ನಾನೇ ತಗೊಂಡೆ.

3ಬಿ ಹತ್ತೊಂಬತ್ತಕ್ಕೇ ಫೈಲ್ ಆಯ್ತು. ಚೀಟಿ ಹಾಗೇ ಇದೆ.

ಆ ಹಳೇ ಹಾರ್ಡ್ ಡಿಸ್ಕ್ ಈಗ ನನ್ನ ಟೇಬಲ್ ಮೇಲೇ ಇದೆ. ಗುಜರಿಗೆ ಹಾಕು ಅಂದ್ರು ಚಿಕ್ಕಪ್ಪ. ಹಾಕಬೇಡಿ, ನೀವೂ ಹಾಕಬೇಡಿ. ಡಿಲೀಟ್ ಮಾಡಿದ್ರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೂ ಒಳಗಿನದು ತಕ್ಷಣ ಅಳಿಯಲ್ಲ, ಗೊತ್ತಿರೋರು ತೆಗೀತಾರೆ. ಓಡ್ತಿರೋ ಡಿಸ್ಕಾದ್ರೆ ಪೂರ್ತಿ ಫಾರ್ಮ್ಯಾಟ್ ಕೊಡಿ, ಅಂದ್ರೆ 'ಕ್ವಿಕ್' ಅನ್ನೋ ಟಿಕ್ ತೆಗೆದು. ಗಂಟೆಗಟ್ಟಲೆ ಹಿಡಿಯುತ್ತೆ, ಹಿಡೀಲಿ. ಇದು ಅಷ್ಟು ಹೊತ್ತು ಬದುಕಲ್ಲ. ಹಾಗಾಗಿ ಈ ಭಾನುವಾರ ಸ್ಕ್ರೂ ಬಿಚ್ಚಿ, ಒಳಗಿನ ತಟ್ಟೆಯನ್ನ ಒಡೀತೀನಿ. ಕೆಲವು ತಟ್ಟೆ ಗಾಜಿನದಿರುತ್ತೆ, ಬಟ್ಟೆ ಸುತ್ತಿ, ಕಣ್ಣಿಗೆ ಏನಾದ್ರೂ ಹಾಕ್ಕೊಂಡೇ ಹೊಡೀಬೇಕು. ಒಳಗೆ ಎರಡು ಅಯಸ್ಕಾಂತ ಸಿಗುತ್ತೆ, ಭಾರೀ ಗಟ್ಟಿ, ಚಿಕ್ಕಮ್ಮ ಫ್ರಿಜ್ಜಿಗೆ ಬೇಕು ಅಂದಿದ್ದಾರೆ.

ನಿಮ್ಮ ಟಾಸ್ಕ್ ಮ್ಯಾನೇಜರ್ ಪುಟದ ಸ್ಕ್ರೀನ್‌ಶಾಟ್ ಕಳಿಸಿ, ವಿಂಡೋಸ್ ಶಿಫ್ಟ್ ಎಸ್ ಒತ್ತಿ, ಫೋಟೋ ಹೊಡೆದು ಅಲ್ಲ. ನೋಡಿ ಹೇಳ್ತೀನಿ. ಮುಂದಿನ ವಾರ ಕ್ರೆಡಿಟ್ ಕಾರ್ಡ್, ಈ ಸಲ ನಿಜವಾಗ್ಲೂ. ಬರ್ಲಾ?